ನನ್ನ ರಕ್ತ ಪಾಸಾದ ಬಗೆ

ಮಂಗಳವಾರ, ಸಂಜೆ
ಆಸ್ಪತ್ರೆ, ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ

ನನ್ನ ಮುದ್ದಿನ ಸೊಸೆ ಚೂಟಿಗೆ, ನಿನ್ನ ಸೋದರಮಾವನ ಆಶೀರ್ವಾದಗಳು.

ನನ್ನ ಹೊಸ ಮಂಡಿ ನೋಡಲು ಏಳು ದೇಶಗಳ ವೈದ್ಯರು ವಿಮಾನ ಹತ್ತಿ ಬಂದು ವಾರ್ಡಿನ ಹೊರಗೆ ಸಾಲುಗಟ್ಟಿ ನಿಂತಿದ್ದಾರೆ. ಇಂಥ ಮಂಡಿ ಭೂಮಿಯ ಮೇಲೆ ಇನ್ನೊಂದಿಲ್ಲವಂತೆ.

ಹೀಗೊಂದು ಬುರುಡೆ ಬಿಟ್ಟು ಶುರುಮಾಡದಿದ್ದರೆ ಬರೆಯಲು ಧೈರ್ಯವೇ ಬರುತ್ತಿರಲಿಲ್ಲ. ಫೋನು ಮಾಡಬಹುದಿತ್ತು; ಆದರೆ ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಮಾತು ತಿರುಗಿಸಿಬಿಡುತ್ತೇನೆ. ಕಾಗದದ ಮೇಲಾದರೆ ಓಡಿಹೋಗಲು ಜಾಗವಿಲ್ಲ.

ಬೆಳಿಗ್ಗೆ ಡಾಕ್ಟರು ಮತ್ತೆ ಊದಿಕೊಂಡ ಮಂಡಿಗೆ ಸೂಜಿ ಚುಚ್ಚಿ ನೀರು ಎಳೆದರು. ಬಂದದ್ದು ನೀರಲ್ಲ, ಕೀವು. ಗಟ್ಟಿ, ಹಳದಿ. ನನ್ನ ಕಾಲೊಳಗೆ ಅಷ್ಟು ಕೊಳೆ ಕೂತಿತ್ತು. ಡಾಕ್ಟರು ಒಮ್ಮೆ ಸಿರಿಂಜನ್ನು, ಒಮ್ಮೆ ಕಳೆದ ವಾರ ನಿಮ್ಮ ಲ್ಯಾಬು ಕೊಟ್ಟ ರಕ್ತದ ರಿಪೋರ್ಟನ್ನು ನೋಡಿದರು. ಮೈಯಲ್ಲಿ ಸೋಂಕಿದ್ದರೆ ಏರಬೇಕಾದ ಆ ಸಿಆರ್‌ಪಿ ಅದರಲ್ಲಿ ಬರೀ ಏಳು. ಕೆಳಗೆ ನಿನ್ನ ಸಹಿ.

"ಇದು ಇವರ ರಕ್ತವೇ ಅಲ್ಲ. ಲ್ಯಾಬಿನ ಹುಡುಗಿ ಟ್ಯೂಬು ಅದಲುಬದಲು ಮಾಡಿದ್ದಾಳೆ" ಅಂದರು. ನಿನ್ನ ಅತ್ತೆ ಸುಮ್ಮನಿರುತ್ತಾಳೆಯೇ? "ನಮ್ಮ ಹುಡುಗಿ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸೋಳು ಡಾಕ್ಟ್ರೇ, ಟ್ಯೂಬಿಗೆ ಬಿಡ್ತಾಳಾ?" ಎಂದು ಎದುರು ನಿಂತಳು. ಡಾಕ್ಟರು ನನ್ನತ್ತ ತಿರುಗಿ ಮೂರನೇ ಸಲ ಕೇಳಿದರು, "ಯಜಮಾನ್ರೇ, ರಕ್ತ ಕೊಡೋ ಮುಂಚೆ ಯಾವುದಾದ್ರೂ ಆಂಟಿಬಯಾಟಿಕ್ ತಗೊಂಡಿದ್ರಾ?" ನಾನು ಮೂರನೇ ಸಲವೂ ಇಲ್ಲ ಅಂದೆ.

ತಗೊಂಡಿದ್ದೆ, ಚೂಟಿ. ಹನ್ನೆರಡು ದಿನ.

ಆಪರೇಷನ್ ಆಗಿ ಮೂರು ತಿಂಗಳಾದರೂ ಮಂಡಿ ಬಿಸಿಯಾಗೇ ಇದೆ, ರಕ್ತ ಪರೀಕ್ಷೆ ಮಾಡಿಸು ಮಾವ ಎಂದವಳು ನೀನೇ. ಪರೀಕ್ಷೆ ಅಂದಮೇಲೆ ತಯಾರಿ ಬೇಡವೇ? ನಮ್ಮೂರ ಶಾಲೆಗೆ ಇನ್ಸ್‌ಪೆಕ್ಟರು ಬರುವ ಮುಂಚೆ ಮೇಷ್ಟ್ರು ಗೋಡೆಗೆ ಸುಣ್ಣ ಹೊಡೆಸಿ, ದಡ್ಡರಿಗೆಲ್ಲ ರಜೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ನಾನೂ ಹಾಗೇ ಮಾಡಿದೆ. ಔಷಧಿ ಅಂಗಡಿಯವನಿಂದ ಮಾತ್ರೆ ತಂದು, ಹೊತ್ತಿಗೆ ಸರಿಯಾಗಿ ನುಂಗಿ, ಕಾವು ಇಳಿದ ಮೇಲೆ ನಿನ್ನ ಮುಂದೆ ತೋಳು ಚಾಚಿದೆ. ಏಳು ಬಂತಲ್ಲ, ನನ್ನ ರಕ್ತ ಪಾಸಾಯಿತು ಅಂತ ಬೀದಿಯುದ್ದಕ್ಕೂ ಹೇಳಿಕೊಂಡು ಬಂದೆ. ಡಾಕ್ಟರು ಕೇಳಿದಾಗ ಬೀದಿಯವರೆಲ್ಲ ಕಣ್ಣ ಮುಂದೆ ಬಂದರು.

ಮಧ್ಯಾಹ್ನ ಅಕ್ಕ ಫೋನಿನಲ್ಲಿ ಅತ್ತಳು. ಡಾಕ್ಟರ ದೂರು ಹೋದದ್ದೇ ತಡ ನಿನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರಂತೆ, ನಾಳೆಯೊಳಗೆ ಉತ್ತರ ಬರೆದುಕೊಡದಿದ್ದರೆ ತೆಗೆದೇಹಾಕುತ್ತಾರಂತೆ. ಕುಂಟುತ್ತ ಡಾಕ್ಟರ ಕೋಣೆಗೆ ಹೋಗಿ ಒಪ್ಪಿಕೊಂಡೆ. ಅವರು ಆ ರಿಪೋರ್ಟನ್ನು ನನ್ನ ಕೈಗೇ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ಮಾತ್ರೆ ರಕ್ತದಲ್ಲಿ ಕಾಣೋ ಗುರುತನ್ನ ಅಳಿಸ್ತು, ರೋಗಾನ ಅಳಿಸಲಿಲ್ಲ. ಈಗ ಅದು ಯಾವ ರೋಗಾಣು ಅಂತ ಪತ್ತೆ ಹಚ್ಚೋದೂ ಕಷ್ಟ. ಹಾಕಿದ ಮಂಡೀನೇ ತೆಗೀಬೇಕು" ಅಂದರು.

ಇಲ್ಲಿಯ ವಾರ್ಡಿನ ಹುಡುಗನ ಕೈಲಿ ಇಂದೇ ಕಳಿಸುತ್ತಿರುವ ಈ ಪತ್ರವನ್ನು ನಿನ್ನ ಮೇಲಿನವರ ಮೇಜಿನ ಮೇಲಿಡು. ಮಾವನ ಮಾನ ಹೋಗುತ್ತದೆಂದು ಮಡಚಿಡಬೇಡ. ನಿನ್ನ ಕೈ ತಪ್ಪಿಲ್ಲ. ಆ ರಕ್ತ ನನ್ನದೇ.

ಇತಿ,
ನಿನ್ನ ತಲೆಗೆ ತನ್ನ ತಪ್ಪು ಕಟ್ಟಿದ
ಮಾವ

ತಾ.ಕ.: ಇದನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ, ಯಾರಿಗೂ ತೋರಿಸಬೇಡ. ಮಾತ್ರೆಗೆ ಮುನ್ನೂರಾಯಿತು, ಅಷ್ಟೇ ಅಂತ ಇವತ್ತು ನಿನ್ನ ಅತ್ತೆಗೆ ಹೇಳಿದ್ದೇನೆ. ಹೊರದೇಶದ ಇಂಜೆಕ್ಷನ್ ತರಿಸಿಕೊಡ್ತೀನಿ, ಮತ್ತೆ ಕಾಲು ಕೊಯ್ಯಿಸೋದೇ ಬೇಡ ಅಂತ ಆ ಅಂಗಡಿಯವನು ಅಂದಿದ್ದ. ನಂಬಿ ದುಡ್ಡು ಕೊಟ್ಟೆ. ಅಂಗಡಿಗೆ ಬೀಗ ಬಿದ್ದು ಒಂಬತ್ತು ದಿನ. ಅವಳು ತನ್ನ ಮಂಡಿಯ ಆಪರೇಷನ್ನಿಗೆಂದು ಹನ್ನೊಂದು ವರ್ಷ ಬಟ್ಟೆ ಹೊಲಿದು ಕೂಡಿಟ್ಟ ದುಡ್ಡು ಅದು. ಒಂದು ಲಕ್ಷ ಎಂಬತ್ತೈದು ಸಾವಿರ.