ಟೇಪು ಸುತ್ತಿದ ತಂತಿ

ಕೊಟ್ಟೂರು
೧೨ ನವೆಂಬರ್ ೧೯೯೯

ಹಾಲಸ್ವಾಮಿಯವರಿಗೆ, ನಿಮ್ಮ ಅಮೃತಾಳ ನಮಸ್ಕಾರ.

ನಾನು, ಅತ್ತೆ ಇಬ್ಬರೂ ಕ್ಷೇಮ ಎಂದು ಬರೆಯುವುದು ರೂಢಿ. ಅತ್ತೆ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾರೆ, ಅಷ್ಟನ್ನು ಬರೆಯಬಲ್ಲೆ. ಇಟ್ಟಿಗಿಯಲ್ಲಿ ನಿಮ್ಮ ಅಕ್ಕ ತಿಪ್ಪೇರುದ್ರಮ್ಮನವರ ಮನೆಯಲ್ಲಿ ನಿಮಗೂ ಊಟ ಸೇರುತ್ತಿದೆ ಎಂದುಕೊಂಡಿದ್ದೇನೆ. ಎದುರಿಗೆ ನಿಂತು ಮಾತಾಡಲು ನನಗೆ ಬರುವುದಿಲ್ಲ. ಮಾತು ಬಂದ ಒಂದೇ ದಿನ ಆಡಬಾರದ್ದನ್ನು ಆಡಿದೆ. ಅದಕ್ಕೇ ಈ ಕಾಗದ.

ಅಂಗಡಿಯ ಬಾಗಿಲು ದಿನಾ ತೆಗೆಯುತ್ತೇನೆ. ಟಿವಿ ರಿಪೇರಿಗೆ ಬಂದವರಿಗೆ ನೀವು ಊರಲ್ಲಿಲ್ಲ ಎನ್ನುತ್ತೇನೆ. ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಯವರು ಗುಜರಿಗೆ ಹಾಕಿದ್ದ ಆ ಹಳೇ ಕಂಪ್ಯೂಟರ್ ಮೂಲೆಯಲ್ಲಿ ಹಾಗೇ ಇದೆ. ಬರೀ ಪೀಪ್ ಎನ್ನುತ್ತಿದ್ದ ಅದಕ್ಕೆ ದನಿ ಬರಿಸಲು ನೀವು ಕೈಯಾರೆ ಮಾಡಿದ ಕಾರ್ಡು ಮೇಜಿನ ಮೇಲಿದೆ. ನೀವು ನಮ್ಮ ಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಮಂಜಣ್ಣನವರ ಕಂಪ್ಯೂಟರ್ ಸೆಂಟರಿಗೆ ಹೋಗಿ, ಅದರ ನಗು, ತೊದಲು ತುಂಬಿಸಿ ತಂದ ಫ್ಲಾಪಿ ಖಾನೆಯಲ್ಲಿದೆ. ಕಾರ್ಡು ಮುಗಿಯುವಷ್ಟರಲ್ಲಿ ಜ್ವರ ಬಂದು ಕೂಸು ಹೋಗಿತ್ತು.

ಕಾರ್ಡು ಮುಗಿದ ಸಂಜೆ ನಾನು ನಲ್ಲಿಯಿಂದ ನೀರು ತರುವಾಗ ನೀವು ಅಂಗಡಿಯಲ್ಲಿ ದೀಪ ಹಾಕದೆ ಕುಳಿತಿದ್ದಿರಿ. "ಕಾರ್ಡು ಸುಟ್ಟೈತಿ. ದನಿ ಬರಂಗಿಲ್ಲ" ಎಂದಿರಿ. ಕೊಡ ಇಳಿಸುವ ಮೊದಲೇ ನಾನು, "ಊರ ಮಂದಿ ಟಿವಿ ಎಲ್ಲಾ ಮಾತಾಡಿಸ್ತೀರಿ, ನಮ್ಮ ಕೂಸಿಂದು ಒಂದು ಆಗಲಿಲ್ಲೇನ್ರಿ" ಎಂದುಬಿಟ್ಟೆ. ಮರುದಿನ ನೀವು ಇಟ್ಟಿಗಿಗೆ ಹೊರಟಿರಿ.

ಫ್ಲಾಪಿಯನ್ನು ಮಂಜಣ್ಣನವರಲ್ಲಿಗೆ ಒಯ್ದು ಕೇಳಬಹುದಿತ್ತು. ಅಲ್ಲಿ ಕಲಿಯುವವರು ಸಾಲಾಗಿ ಕುಳಿತಿರುತ್ತಾರೆ. ಅವರ ನಡುವೆ ಕೂಸಿನ ದನಿ ಕೇಳುವುದು ನನ್ನಿಂದಾಗದು. ಹಾಗಾಗಿ ಕಾರ್ಡನ್ನೇ ನೋಡೋಣವೆಂದು ಕುಳಿತೆ. ಕನ್ನಡ ಎಂ.ಎ. ಓದಿದವಳು ಎಂದು ನಗಬೇಡಿ. ನೀವು ಬೆಸುಗೆ ಹಾಕುವಾಗಲೆಲ್ಲ ಟಾರ್ಚು ಹಿಡಿದು ನಿಂತವಳು ನಾನು.

ನೀವು ಹೇಳುತ್ತಿದ್ದ ಹಾಗೇ ಮಾಡಿದೆ. "ಸ್ವಿಚ್ ನಂಬಬ್ಯಾಡ, ಪ್ಲಗ್ಗು ಕಣ್ಣಿಗೆ ಕಾಣಂಗ ಹೊರಗಿರಬೇಕು" ಎನ್ನುತ್ತಿದ್ದಿರಲ್ಲ, ಪ್ಲಗ್ಗು ಕಿತ್ತು ಎದುರಿಗೇ ಇಟ್ಟುಕೊಂಡೆ. ಬಳೆ ತೆಗೆದೆ. ಬಗ್ಗಿದಾಗ ತಾಗದಂತೆ ತಾಳಿಸರವನ್ನು ಕುಪ್ಪಸದೊಳಗೆ ಸೇರಿಸಿದೆ. ಮೈಯಲ್ಲಿನ ಕರೆಂಟು ಇಳಿಯಲೆಂದು ಕಂಪ್ಯೂಟರ್ ಪೆಟ್ಟಿಗೆಯ ಕಬ್ಬಿಣವನ್ನು ಮುಟ್ಟಿ ಆಮೇಲೆ ಕಾರ್ಡಿಗೆ ಕೈ ಹಾಕಿದೆ. ಪ್ಲಗ್ಗು ಕಿತ್ತರೂ ಒಳಗೆ ಕರೆಂಟು ಉಳಿದಿರುವ ಡಬ್ಬಿಯ ಸ್ಕ್ರೂ ಮಾತ್ರ ಬಿಚ್ಚಲಿಲ್ಲ.

ಕಂಪ್ಯೂಟರಿಗೆ ಸಿಕ್ಕಿಸುವ ಕಡೆ, ಕಾರ್ಡಿನ ಹೊಳೆಯುವ ಹಲ್ಲುಗಳ ಮೇಲೆ ವಿಭೂತಿ ಒಣಗಿತ್ತು. ಈ ಸಲ ನಾವು ಹಬ್ಬ ಮಾಡಲಿಲ್ಲ. ಆದರೂ ಆಯುಧಪೂಜೆಯ ದಿನ ಅತ್ತೆ ನಿಮ್ಮ ಸ್ಕ್ರೂಡ್ರೈವರಿಗೆ ಹಚ್ಚಿದ ಹಾಗೆ ಇದಕ್ಕೂ ಒದ್ದೆ ಬೆರಳಲ್ಲಿ ಮೂರು ಗೆರೆ ಎಳೆದಿದ್ದರು. "ಕೆಟ್ಟಿದ್ದಕ್ಕ ಯಾಕ ಹಚ್ಚೀರಿ ಅತ್ತಿ" ಎಂದರೆ, "ಕೆಟ್ಟಿದ್ದಕ್ಕ ಅಲ್ಲೇನವ್ವ ಹಚ್ಚಬೇಕಾದ್ದು" ಎಂದರು. ರಬ್ಬರಿನಿಂದ ಮೆಲ್ಲಗೆ ಉಜ್ಜಿ ತೆಗೆದೆ. ಅವರಿಗೆ ಹೇಳಬೇಡಿ.

ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಐದು ವೋಲ್ಟಿನ ಜಾಗಕ್ಕೆ, ಇನ್ನೊಂದನ್ನು ಗ್ರೌಂಡಿಗೆ ಇಟ್ಟೆ. ಮೀಟರು ಕೂಗಿದರೆ ಎರಡೂ ಒಳಗೊಳಗೇ ಕೂಡಿಕೊಂಡಿವೆ, ಕಂಪ್ಯೂಟರಿಗೆ ಹಾಕಿದರೆ ಅದನ್ನೂ ತಿನ್ನುತ್ತದೆ ಎಂದಿದ್ದಿರಿ. ಕೂಗಲಿಲ್ಲ. ಆದರೂ ಮೊದಲು, ಹೋದರೆ ಹೋಗಲಿ ಎಂದು ನೀವು ಇಟ್ಟುಕೊಂಡಿದ್ದ ಗುಜರಿ ಬೋರ್ಡಿಗೇ ಹಾಕಿ ಕರೆಂಟು ಕೊಟ್ಟೆ. ಹೊಗೆ ಬರಲಿಲ್ಲ, ಬಿಸಿಯೂ ಆಗಲಿಲ್ಲ. ಕಾರ್ಡು ಸುಟ್ಟಿರಲಿಲ್ಲ.

ಮತ್ತೆ ಪ್ಲಗ್ಗು ಕಿತ್ತು, ಕಾರ್ಡಿನ ಹಿಂಬದಿಗೆ ಟಾರ್ಚು ಬಿಟ್ಟು ಒಂದೊಂದೇ ತಂತಿಯ ಜಾಡು ಹಿಡಿದೆ. ಸ್ಪೀಕರಿಗೆ ಹೋಗುವ ಕೆಂಪು ತಂತಿ ತುಂಡಾಗಿತ್ತು. ಸುಟ್ಟ ತಂತಿಯಾದರೆ ಕಪ್ಪಗಿರಬೇಕು. ಇದು ಕಟ್ಟರಿನಿಂದ ಕತ್ತರಿಸಿದ್ದು. ಎರಡು ತುದಿಗಳನ್ನೂ ದೂರ ಬಾಗಿಸಿ, ಯಾವುದಕ್ಕೂ ತಾಗದಂತೆ ಎರಡಕ್ಕೂ ಟೇಪು ಸುತ್ತಿತ್ತು. ಹಾಳು ಮಾಡುವ ಮನಸ್ಸಿದ್ದವರು ಟೇಪು ಸುತ್ತುವುದಿಲ್ಲ.

ಕಾರ್ಡಿಗೆ ದನಿ ಬಂದಿತ್ತು. ನೀವು ಕೇಳಿದ್ದೀರಿ. ನಾನು ನಲ್ಲಿಯ ಸಾಲಿನಲ್ಲಿ ನಿಂತಿದ್ದಾಗ ಒಬ್ಬರೇ ಕೇಳಿ, ಕತ್ತರಿಸಿದ್ದೀರಿ.

ಕೂಸನ್ನು ಮಣ್ಣು ಮಾಡಿ ಬಂದ ದಿನ ನೀವು ಗೋಡೆ ಕಡೆ ಮುಖ ಮಾಡಿ, "ಆ ಥಂಡಿಯಾಗ ಬಸ್ಸಿನ್ಯಾಗ ಒಯ್ಯಬಾರದಿತ್ತು ನಾನು" ಎಂದಿದ್ದಿರಿ. ನಾನು ಏನೂ ಹೇಳಲಿಲ್ಲ. ನನ್ನ ಬಾಯಿಗೆ ಯಾವ ಮಾತೂ ಬರಲಿಲ್ಲ, ಅಷ್ಟೇ. ಅದನ್ನು ನೀವು ಹೌದು ಎಂದು ತಿಳಿದಿರೇನೋ.

ತಂತಿಯನ್ನು ನಾನು ಬೆಸೆದಿಲ್ಲ. ಅದು ನಿಮ್ಮ ಕೆಲಸ. ಬಂದು ಬೆಸೆಯಿರಿ, ಮನಸ್ಸಿಲ್ಲದಿದ್ದರೆ ಬಿಡಿ. ಬನ್ನಿ ಮಾತ್ರ. ಅತ್ತೆ ದಿನಾ ನಿಮ್ಮ ತಟ್ಟೆಯನ್ನೂ ತೊಳೆದು ಇಡುತ್ತಾರೆ.

ಟಾರ್ಚು ಹಿಡಿಯುವವಳು,
ಅಮೃತಾ

ವಿ.ಸೂ.: ತಂತಿ ಬೆಸೆದಿಲ್ಲ ಎಂದು ಬರೆದದ್ದು ಸುಳ್ಳು. ಬೆಸೆದೆ, ಕೇಳಿದೆ. ಕೂಸು ನಗುತ್ತದೆ, ಏನೋ ತೊದಲುತ್ತದೆ, ಆಮೇಲೆ ಕೆಮ್ಮುತ್ತದೆ. ಆ ಕೆಮ್ಮು ಕೇಳಿ ನೀವು ಅಲ್ಲಿಗೇ ನಿಲ್ಲಿಸಿ ತಂತಿ ಕತ್ತರಿಸಿರಬೇಕು. ಮುಂದೆ ಇನ್ನೂ ಇದೆ. ನಿಮ್ಮದೇ ದನಿ: "ತಡೀರಿ ಮಂಜಣ್ಣ, ಥಂಡಿ ಹತ್ತೈತಿ ಇದಕ್ಕ. ಬಾ ಲೇ ನಮ್ಮವ್ವ, ನನ್ನ ಶಾಲು ಹೊಚ್ಚತೀನಿ." ಬಟ್ಟೆ ಸರಿದ ಸದ್ದಿದೆ. ಅದಾದ ಮೇಲೆ ಕೂಸು ಇನ್ನೊಮ್ಮೆ ನಗುತ್ತದೆ. ಅದನ್ನು ಒಬ್ಬಳೇ ಕೇಳಲು ನನ್ನಿಂದ ಆಗುತ್ತಿಲ್ಲ.