ಭೋಜಜ್ಜನ ಬುಟ್ಟಿಯಲ್ಲಿ ಏನಿತ್ತು

ದೇವಾಲ, ಗೂಡಲೂರು ತಾಲ್ಲೂಕು
ಜೂನ್ 9, 2024

ಪ್ರೀತಿಯ ಪಂಕಜತ್ತೆ,

ಮೇಟ್ಟುಪಾಳಯದ ಸೆಕೆ ಹೇಗಿದೆ? ಮಂಡಿನೋವಿಗೆ ಎಣ್ಣೆ ಹಚ್ಚುತ್ತಿದ್ದೀರಾ, ಇಲ್ಲ ಸೀಸೆ ಹಾಗೇ ಕೂತಿದೆಯಾ? ಇಲ್ಲಿ ಮಳೆ ಹಿಡಿದಿದೆ, ತೋಟದಲ್ಲಿ ಎಲೆ ಚೆನ್ನಾಗಿ ಬಂದಿದೆ, ಎಲ್ಲರೂ ಆರೋಗ್ಯ. ಫೋನಿನಲ್ಲಿ ಊರಿನ ಹೆಸರೆತ್ತಿದರೆ ಇಟ್ಟುಬಿಡುತ್ತೀರಿ, ಅದಕ್ಕೇ ಕಾಗದ. ದಯವಿಟ್ಟು ಪೂರ್ತಿ ಓದಿ.

ಪುಸ್ತಕದಲ್ಲಿಲ್ಲದ ಒಂದು ಚರಿತ್ರೆಯ ಪ್ರಶ್ನೆ ತನ್ನಿ ಎಂದು ತರಗತಿಯಲ್ಲಿ ಹೇಳಿದ್ದೆ. ಒಬ್ಬಳು ಎದ್ದು, ಚಿನ್ನದ ಹುಚ್ಚ ಭೋಜಜ್ಜನಿಗೆ ಕೊನೆಗೂ ಚಿನ್ನ ಸಿಕ್ಕಿತಾ ಟೀಚರ್ ಎಂದು ನನ್ನನ್ನೇ ಕೇಳಬೇಕೆ! ನಿಮ್ಮಪ್ಪ, ನನ್ನಜ್ಜ. ಆ ಹೆಸರಿಟ್ಟು ಊರು ನಕ್ಕಿತೆಂದೇ ಅಲ್ಲವೆ ನೀವು ಮದುವೆಯಾಗಿ ಹೋದ ಮೇಲೆ ಈ ಕಡೆ ತಲೆ ಹಾಕಿಯೂ ಮಲಗದಿರುವುದು? ನನಗೂ ರೋಷ ಬಂತು. ಬಿಳಿಯರ ಕಂಪನಿಗಳು ಒಂದು ಕಾಲದಲ್ಲಿ ಇಲ್ಲೆಲ್ಲ ಚಿನ್ನಕ್ಕೆಂದು ಗುಡ್ಡ ಕೊರೆದು ಕೈಸುಟ್ಟುಕೊಂಡು ಹೋದದ್ದು ನಿಮಗೂ ಗೊತ್ತು. ನಮ್ಮ ತೋಟದ ಸುರಂಗ ಅವರದೇ. ಅಲ್ಲಿ ಅಜ್ಜ ಮಾಡಿದ್ದೇನು? ಟಾರ್ಚ್ ಹಿಡಿದು ನಾನೇ ಒಳಹೊಕ್ಕೆ. ನಮ್ಮವರು ಬೈಯುತ್ತಲೇ ಹಿಂದೆ ಬಂದರು.

ಒಳಗೊಂದು ಪಾತಾಳದಂಥ ಗುಂಡಿ ಅತ್ತೆ, ಮೇಲೆ ಆಳುದ್ದ ಬಿಟ್ಟು ಉಳಿದಷ್ಟೂ ತುಂಬಿದೆ! ಸುತ್ತ ಬಿಳಿಗಲ್ಲು. ತುಂಬಿರುವುದು ಮಾತ್ರ ಮನೆಯ ಹಿಂದೆ ಅಜ್ಜ ಅಗೆದ ಕೆಂಪುಮಣ್ಣು. ಚಿನ್ನ ಹುಡುಕುವವರು ಯಾರಾದರೂ ಒಳಗೆ ಮಣ್ಣು ಹೊರುತ್ತಾರೆಯೆ? ಅಜ್ಜ ಬುಟ್ಟಿ ಹೊತ್ತು ಓಡಾಡುವುದನ್ನು ಊರೆಲ್ಲ ಕಂಡಿತ್ತು, ಬುಟ್ಟಿಯೊಳಗೆ ಯಾರೂ ಇಣುಕಲಿಲ್ಲ. ನನಗಂತೂ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ನಾಳೆ ತರಗತಿಯಲ್ಲಿ ಇದೇ ಪಾಠ.

ಮಾವನಿಗೆ ನಮಸ್ಕಾರ ತಿಳಿಸಿ. ಇಲ್ಲಿಂದಲೇ ತಲೆ ಬಗ್ಗಿಸಿದ್ದೇನೆ, ಕೈಯಿಟ್ಟು ಹರಸಿ.

ನಿಮ್ಮ
ಜೀವಿತಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ, ಅಜ್ಜ ಯಾಕೆ ತುಂಬಿದರೆಂದು ನೆರೆಮನೆಯ ಲಿಂಗಿಯಮ್ಮನನ್ನು ಕೇಳಿ ಬಂದೆ. ಆಗ ಅವರು ದನ ಮೇಯಿಸುತ್ತಿದ್ದ ಹುಡುಗಿ. ಎರಡು ವರ್ಷದ ಕೂಸಾಗಿದ್ದಾಗ ನಿಮ್ಮ ಕಾಲು ಮುರಿದದ್ದು ಜಗಲಿಯಿಂದ ಬಿದ್ದಲ್ಲವಂತೆ, ಆ ಗುಂಡಿಗೆ ಬಿದ್ದು. ನಡುವಿನ ಕಲ್ಲಿಗೆ ಸಿಕ್ಕಿಕೊಂಡು ಬದುಕಿದಿರಂತೆ. ಅಜ್ಜ ಹಗ್ಗ ಕಟ್ಟಿಕೊಂಡು ಇಳಿದು ನಿಮ್ಮನ್ನು ಎತ್ತಿ ತಂದವರೇ, “ಎನ್ನ ಕೂಸುಗ ಇದ ಹೇಳಬೇಡ, ಈ ಬೆಟ್ಟ ಕಂಡಲೆ ಅಂಜೀತು” ಎಂದು ಲಿಂಗಿಯಮ್ಮನಿಂದ ಮಾತು ತೆಗೆದುಕೊಂಡರಂತೆ. ಮರುದಿನವೇ ಬುಟ್ಟಿ ಹೊತ್ತರು. ಊರು ನಕ್ಕರೂ ಬಾಯಿ ಬಿಡಲಿಲ್ಲ. ಈಗ ಲಿಂಗಿಯಮ್ಮನ ಬಾಯಿಂದ ವಿಷಯ ತಿಳಿದು ಊರವರು ಸಂಜೆ ನಮ್ಮ ಮನೆಗೇ ಬಂದಿದ್ದರು ಅತ್ತೆ. ಉಳಿದ ಆಳುದ್ದವನ್ನು ಎಲ್ಲರೂ ಸೇರಿ ತುಂಬುತ್ತಾರಂತೆ. ನೀವು ಬರದೆ ಶುರು ಮಾಡುವುದಿಲ್ಲವಂತೆ.