ಓಲೆತಡೆ ಬಿಟ್ಟ ತಂಗಿ

ಶಿಡ್ಲಘಟ್ಟ, ೨೨೧೪ನೆಯ ಇಸವಿ, ಫೆಬ್ರವರಿ ಮೂವತ್ತು. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ, ಗಾಬರಿಯಾಗಬೇಡಿ.

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಅಮರಾವತಿ ಎಂಬ ನನ್ನ ನಮಸ್ಕಾರ. ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ತಿದ್ದುವ ತಾಳ್ಮೆ ಉಳಿದಿಲ್ಲ.

ನಾನು ಆಸ್ಪತ್ರೆಯಲ್ಲಿ ಉಸಿರೋದುಗಿ. ರೋಗಿ ಕೊಳವೆಗೆ ಊದಿದರೆ, ಎದೆಯೊಳಗಿನ ರಕ್ಷಣಾ ಕೋಶಗಳು ಒಂದಕ್ಕೊಂದು ಏನು ಹೇಳಿ ಕಳಿಸುತ್ತಿವೆ ಎಂದು ಓದಿ ಹೇಳುವುದು ನನ್ನ ಕೆಲಸ. ತಂಗಿ ಚಂಪಕ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿದ್ದಾಳೆ. ಬೆಳಗ್ಗೆ ಗೂಡೊಡೆದು ಬರುವ ಚಿಟ್ಟೆಗಳಲ್ಲಿ ಗಂಡು ಹೆಣ್ಣು ಬೇರ್ಪಡಿಸಿ ಜೋಡಿ ಮಾಡುವುದರಲ್ಲಿ ಅವಳಷ್ಟು ಚುರುಕಿನ ಕೈ ಇನ್ನೊಂದಿಲ್ಲ. ಆ ಕೋಣೆಯ ತುಂಬ ರೆಕ್ಕೆಯ ಪುಡಿ, ಹಿಟ್ಟಿನ ಗಿರಣಿಯ ಹಾಗೆ. ಮೊದಲು ಸೀನು ಬಂತು, ಆಮೇಲೆ ಉಬ್ಬಸ. ಪುಡಿಯೇನೂ ವಿಷವಲ್ಲ. ಆದರೆ ಅವಳ ಶ್ವಾಸನಾಳದ ಒಳಪದರ ಅದನ್ನು ಶತ್ರುವೆಂದು ಭ್ರಮಿಸಿ ಕೂಗೆಬ್ಬಿಸಿತ್ತು. ಅದನ್ನು ಕೇಳಿದ ಸಹಾಯಕ ಕೋಶಗಳು ಎರಡು ಆಜ್ಞೆ ಹೊರಡಿಸಿದ್ದವು: ಪುಡಿಯ ವಿರುದ್ಧ ಪ್ರತಿಕಾಯ ತಯಾರಿಸಿ, ರಕ್ತದಿಂದ ಇನ್ನಷ್ಟು ದಂಡು ಕರೆಸಿ. ಆ ಪ್ರತಿಕಾಯಗಳು ಹೋಗಿ ಕಾವಲು ಕೋಶಗಳ ಮೈಮೇಲೆ ಕೂರುತ್ತವೆ. ಮತ್ತೆ ಚಿಟಿಕೆ ಪುಡಿ ತಾಗಿದರೆ ಸಾಕು, ಕಾವಲು ಕೋಶಗಳು ತಮ್ಮೊಳಗಿನ ರಾಸಾಯನಿಕಗಳನ್ನೆಲ್ಲ ಕಾರುತ್ತವೆ; ನಾಳ ಬಿಗಿದು, ಕಫ ತುಂಬುತ್ತದೆ. ಈ ಆಜ್ಞೆಗಳನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುವ ತಿಂಗಳ ಚುಚ್ಚುಮದ್ದಿಗೆ ನಾವು ಓಲೆತಡೆ ಎನ್ನುತ್ತೇವೆ. ವೈದ್ಯರಿಂದ ಅದನ್ನು ಅವಳಿಗೆ ಬರೆಸಿಕೊಟ್ಟೆ.

ನಾಲ್ಕು ತಿಂಗಳ ಮೇಲೆ ಅವಳ ಉಸಿರು ಓದಿದರೆ ಆಜ್ಞೆಗಳೆಲ್ಲ ಹಾಗೇ ಓಡಾಡುತ್ತಿದ್ದವು.

"ಹಾಕಿಸ್ಕೊಂಡ್ಯಾ?"

"ಹೂಂ ಕಣಕ್ಕ."

"ನಿನ್ನ ಉಸಿರು ಸುಳ್ಳು ಹೇಳಲ್ಲ ಕಣೇ, ನೀನು ಹೇಳ್ತೀಯ!"

ವರ್ಷವಿಡೀ ಇದೇ ಪುರಾಣ. ಬೈದೆ, ಅತ್ತೆ, ಮಾತು ಬಿಟ್ಟೆ. ಕಳೆದ ತಿಂಗಳು ಒಂದು ಬೆಳಗ್ಗೆ ಚಿಟ್ಟೆ ಕೋಣೆಯಲ್ಲೇ ಕುಸಿದಳು. ಆಸ್ಪತ್ರೆಗೆ ತರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಎರಡು ದಿನ ಯಂತ್ರವೇ ಅವಳಿಗಾಗಿ ಉಸಿರಾಡಿತು. ಮೂರನೆಯ ದಿನ ಗಂಟಲಿನ ಕೊಳವೆ ತೆಗೆದರು. ನೀರು ಕುಡಿಸುವ ಮೊದಲೇ ನಾನು ಬೈಯಲು ಶುರು ಮಾಡಿದೆ. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು:

"ಮದ್ದು ತಗೊಂಡೋರ ಪಟ್ಟಿ ಕೇಂದ್ರಕ್ಕೆ ಹೋಗ್ತದೆ ಕಣಕ್ಕ. ಅದ್ರಲ್ಲಿ ಹೆಸರಿದ್ರೆ ಕೆಲಸದಿಂದ ತೆಗೀತಾರೆ. ನನ್ ಜೊತೆ ಚಿಟ್ಟೆ ಕೋಣೇಲಿದ್ದ ಬಯ್ಯಮ್ಮನ್ನ ಹಂಗೇ ಕಳಿಸಿದ್ರು. ಆ ಪಟ್ಟಿಗೆ ಸಹಿ ಯಾರ್ದು, ನೋಡಿದ್ದೀಯಾ?"

ನನ್ನದೇ. ಕೆಲಸಗಾರರ ರಕ್ಷಣೆಗೆಂದು ತಿಳಿದು, ತಿಂಗಳು ತಿಂಗಳೂ ಓದದೆ ಸಹಿ ಹಾಕಿದ್ದೆ. ಜನರ ಎದೆಯೊಳಗಿನ ಪಿಸುಮಾತು ಓದುವವಳು ಕೈಯಲ್ಲಿದ್ದ ಕಾಗದ ಓದಿರಲಿಲ್ಲ.

ಮರುದಿನವೇ ಸಹಿ ಹಾಕುವುದಿಲ್ಲ ಎಂದೆ. ಕೇಂದ್ರದ ವ್ಯವಸ್ಥಾಪಕರು "ನಿಯಮ ಅಲ್ವಾ ಮೇಡಂ" ಎಂದು ನಕ್ಕರು. ಸುದ್ದಿ ತಿಳಿದ ಕೇಂದ್ರದ ಹೆಂಗಸರು ಆರು ದಿನ ಚಿಟ್ಟೆ ಕೋಣೆಗೆ ಕಾಲಿಡಲಿಲ್ಲ. ಜೋಡಿಯಾಗದ ಚಿಟ್ಟೆಗಳು ತಟ್ಟೆಗಳಲ್ಲೇ ಸತ್ತವು. ಏಳನೆಯ ದಿನ ವ್ಯವಸ್ಥಾಪಕರು ಒಪ್ಪಿದರು: ಪುಡಿ ಹೀರುವ ಫ್ಯಾನು, ಉಬ್ಬಸವಿದ್ದವರಿಗೆ ಅದೇ ಸಂಬಳದಲ್ಲಿ ಬೇರೆ ಕೆಲಸ. ಚಂಪಕ ಈಗ ಶೀತಲ ಕೋಣೆಯಲ್ಲಿ ಚಿಟ್ಟೆಗಳು ಮೊಟ್ಟೆಯಿಟ್ಟ ಹಾಳೆಗಳನ್ನು ನೋಡಿಕೊಳ್ಳುತ್ತಾಳೆ. ಓಲೆತಡೆ ಹಾಕಿಸಿಕೊಳ್ಳುತ್ತಾಳೆ. "ಚಿಟ್ಟೆ ಇಲ್ದೆ ಕೈ ಸುಮ್ನಿರಲ್ಲ" ಎಂದು ನನ್ನ ಮೇಲೇ ಸಿಡುಕುತ್ತಾಳೆ.

ಹಿರಿಯರೇ, ಈ ಮದ್ದಿನ ಮೊದಲ ರೂಪ ನಿಮ್ಮ ಕಾಲದಲ್ಲೇ ಹುಟ್ಟಿದೆ. "ಹೇಳಿದ್ದು ಕೇಳೋದೇ ಇಲ್ಲ ಈ ಜನ" ಎಂಬ ಮಾತೂ ನಿಮ್ಮಿಂದಲೇ ನಮಗೆ ಬಂದಿರಬೇಕು. ದಯವಿಟ್ಟು ಆ ಮಾತೊಂದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಮದ್ದು ಬಿಟ್ಟವರನ್ನು ಯಾಕೆ ಬಿಟ್ಟೆಯಮ್ಮಾ ಎಂದು ಕೇಳಿ, ಉತ್ತರ ಬರುವ ತನಕ ಕೂತಿರಿ.

ಬಯ್ಯಮ್ಮನ ಮನೆ ಎರಡು ಬೀದಿ ಆಚೆ. ಇನ್ನೂ ಹೋಗಲು ಮುಖವಿಲ್ಲದೆ ನಿಮಗೆ ಬರೆಯುತ್ತ ಕೂತಿದ್ದೇನೆ. ಇದನ್ನು ಇಲ್ಲಿಗೇ ಮುಗಿಸಿ ಚಪ್ಪಲಿ ಮೆಟ್ಟುತ್ತೇನೆ.